ಏಳು ಸಲ ಹೊರಟು ಮೂರು ಸಲ ಮುಟ್ಟಿದವರು

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಿಂದ 2021ರವರೆಗೆ ಒಂದು ವರ್ಷವೂ ಬಿಡದೆ ಡಕಾರ್ ರ‍್ಯಾಲಿಗೆ ಹೋದರು. ಏಳು ಸಲ ಹೊರಟವರು ಕೊನೆ ಮುಟ್ಟಿದ್ದು ಮೂರು ಸಲ. 2015ರಲ್ಲಿ 36ನೇ ಸ್ಥಾನ, 2017ರಲ್ಲಿ 47, 2018ರಲ್ಲಿ 34. ಗೆದ್ದವರ ಪಟ್ಟಿ ಮಾತ್ರ ಓದಿ ಪುಟ ತಿರುವುವವರಿಗೆ ಈ ಅಂಕಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಇವು ದೊಡ್ಡ ಅಂಕಿಗಳು. ಅವು ಎಷ್ಟು ದೊಡ್ಡವು ಎಂದು ತಿಳಿಯಬೇಕಾದರೆ ಆ ಮನುಷ್ಯ ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ಮೊದಲು ತಿಳಿಯಬೇಕು. ರೇಸಿಂಗ್ ಎಂದರೆ ಶ್ರೀಮಂತರ ಮಕ್ಕಳ ಶೋಕಿ, ಇಲ್ಲವೇ ತಲೆಕೆಟ್ಟ ಹುಡುಗರ ಹುಚ್ಚು ಎಂಬ ಎರಡೇ ಅಭಿಪ್ರಾಯ ನಮ್ಮಲ್ಲಿ ಓಡಾಡುತ್ತಿವೆ. ಅದೊಂದು ಕಸುಬು, ಅದಕ್ಕೂ ಕಲಿಕೆ, ಸಂಬಳ, ಶಿಸ್ತು, ಗಾಯ, ಕೊನೆ ಎಲ್ಲ ಉಂಟು ಎಂದು ಹೇಳುವವರು ಕಡಿಮೆ.

ಬೀದರಿನ ನೌಬಾದಿನಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. ಸಂಜೆಯಾದರೆ ಇಲ್ಲಿಯ ರಿಂಗ್ ರೋಡಿನಲ್ಲೂ ಭಾಲ್ಕಿ ಕಡೆಯ ದಾರಿಯಲ್ಲೂ ಸೈಲೆನ್ಸರ್ ಬದಲಾಯಿಸಿದ ಗಾಡಿಗಳು ಪಟಪಟ ಸದ್ದು ಮಾಡುತ್ತ ಹೋಗುತ್ತವೆ. ಹೆಲ್ಮೆಟ್ ಇದ್ದರೆ ಮೊಣಕೈಗೆ ನೇತಾಡುತ್ತಿರುತ್ತದೆ. ಒಬ್ಬ ಮುಂದಿನ ಚಕ್ರ ಎತ್ತಿದರೆ ಹಿಂದಿನವನು ಮೊಬೈಲಿನಲ್ಲಿ ಹಿಡಿಯುತ್ತಾನೆ. ಈ ಹುಡುಗರನ್ನು ಬೈಯುವವರು ಬೇಕಾದಷ್ಟು ಮಂದಿ ಇದ್ದಾರೆ, ಬೈಯುವುದಕ್ಕೆ ಕಾರಣವೂ ಇದೆ. ಆದರೆ ಅವರ ಮನಸ್ಸಿನಲ್ಲಿರುವ ಆಸೆಗೆ ಒಂದು ನೇರ ದಾರಿ ಎಲ್ಲಿದೆ ಎಂದು ತೋರಿಸಿದವರು ಯಾರೂ ಇಲ್ಲ. ಆ ದಾರಿಯಲ್ಲಿ ಬರಿಗಾಲಲ್ಲಿ ನಡೆದಂತೆ ನಡೆದು ಹೋದ ಕನ್ನಡನಾಡಿನವರೊಬ್ಬರು ನಮ್ಮ ಕಣ್ಣೆದುರಿಗೇ ಇದ್ದಾರೆ.

ಮೊದಲು ಡಕಾರ್ ಎಂದರೇನು ನೋಡೋಣ. 1977ರಲ್ಲಿ ತಿಯೆರಿ ಸಬೀನ್ ಎಂಬ ಫ್ರಾನ್ಸಿನ ಸವಾರ ಆಫ್ರಿಕಾದ ಒಂದು ರ‍್ಯಾಲಿಯಲ್ಲಿ ಮರುಭೂಮಿಯೊಳಗೆ ದಾರಿ ತಪ್ಪಿ, ಸಾಯುವ ಹಂತಕ್ಕೆ ಬಂದು ಬದುಕಿಕೊಂಡ. ಊರಿಗೆ ಮರಳಿದವನು ಆ ಮರಳಿನ ಕಡೆಗೇ ಇನ್ನಷ್ಟು ಜನರನ್ನು ಕರೆದೊಯ್ಯುವ ಯೋಜನೆ ಹಾಕಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ 182 ವಾಹನಗಳು ಹೊರಟವು. ಸೆನೆಗಲ್ ದೇಶದ ರಾಜಧಾನಿ ಡಕಾರ್ ತಲುಪಿದ್ದು ಅವುಗಳಲ್ಲಿ 74. ಆ ಮೊದಲ ವರ್ಷವೇ ಅರ್ಧಕ್ಕಿಂತ ಹೆಚ್ಚು ಮಂದಿ ದಾರಿಯಲ್ಲೇ ಉಳಿದರು. 1986ರಲ್ಲಿ ರ‍್ಯಾಲಿ ನಡೆಯುತ್ತಿರುವಾಗಲೇ ಸಬೀನ್ ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡ. 2008ರಲ್ಲಿ ಭಯೋತ್ಪಾದಕರ ಬೆದರಿಕೆಯಿಂದ ರ‍್ಯಾಲಿ ರದ್ದಾಯಿತು. ಮರುವರ್ಷದಿಂದ 2019ರ ತನಕ ದಕ್ಷಿಣ ಅಮೆರಿಕದಲ್ಲಿ ನಡೆದು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಡಕಾರ್ ಊರು ಬಿಟ್ಟುಹೋಗಿ ಎಷ್ಟೋ ವರ್ಷವಾದರೂ ಹೆಸರು ಹಾಗೇ ಉಳಿದಿದೆ.

ಸುಮಾರು ಎರಡು ವಾರ, ಸಾವಿರಾರು ಕಿಲೋಮೀಟರ್. ಬೈಕುಗಳ ಎಂಜಿನ್ 450 ಸಿಸಿ ಮೀರುವಂತಿಲ್ಲ. ನಮ್ಮ ಬೀದಿಗಳಲ್ಲಿ ಓಡುವ ಎಷ್ಟೋ ಬುಲೆಟ್‌ಗಳ ಎಂಜಿನ್ 350 ಸಿಸಿ, ಅದಕ್ಕಿಂತ ತುಸು ದೊಡ್ಡದು ಅಷ್ಟೇ. ಪ್ರತಿದಿನದ ಓಟದಲ್ಲಿ ಎರಡು ಭಾಗ. ಒಂದು ಗಡಿಯಾರ ಹಿಡಿದು ಓಡುವ ಸ್ಪರ್ಧೆಯ ಭಾಗ, ಅದಕ್ಕೆ ಸ್ಪೆಷಲ್ ಎನ್ನುತ್ತಾರೆ. ಇನ್ನೊಂದು, ಸ್ಪರ್ಧೆ ಆರಂಭವಾಗುವ ಜಾಗಕ್ಕೆ ಹೋಗಲು, ಮುಗಿದ ಮೇಲೆ ಬೀಡಿಗೆ ಮರಳಲು ಸಾರ್ವಜನಿಕ ರಸ್ತೆಯಲ್ಲಿ ಸಾಗುವ ಭಾಗ. ನಸುಕಿನ ಮೂರು ನಾಲ್ಕು ಗಂಟೆಗೆ ಎದ್ದು ಚಳಿಯಲ್ಲಿ ನೂರಾರು ಕಿಲೋಮೀಟರ್ ರಸ್ತೆಯಲ್ಲಿ ಬಂದು, ಆಮೇಲೆ ಸ್ಪರ್ಧೆಗೆ ಇಳಿಯಬೇಕು. ಸ್ಪರ್ಧೆಯ ಬಹುಪಾಲು ಹೊತ್ತು ಸೀಟಿನ ಮೇಲೆ ಕೂರುವುದಿಲ್ಲ, ಕಾಲಿಡುವ ಕಂಬಿಗಳ ಮೇಲೆ ನಿಂತೇ ಓಡಿಸುತ್ತಾರೆ. ನೆಲದ ಹೊಡೆತವನ್ನು ಬೆನ್ನಿಗೆ ಬಿಡದೆ ಮೊಣಕಾಲು ನುಂಗಲಿ ಎಂದು. ನೀರು ಬೆನ್ನ ಚೀಲದಿಂದ ಬಾಯಿಯವರೆಗೆ ಬಂದ ನಳಿಕೆಯಿಂದ.

ಇನ್ನು ದಾರಿ. ಇಲ್ಲಿಯೇ ಈ ಆಟದ ಗುಟ್ಟು ಇರುವುದು. ಸವಾರನಿಗೆ ದಾರಿ ಮೊದಲೇ ಗೊತ್ತಿರುವುದಿಲ್ಲ. ಮೊಬೈಲ್ ನಕ್ಷೆ ನೋಡಿಕೊಂಡು ಹೋಗುವಂತಿಲ್ಲ. ಸಂತೋಷ್ ಹೋಗುತ್ತಿದ್ದ ವರ್ಷಗಳಲ್ಲಿ ಹ್ಯಾಂಡಲ್ ಮೇಲೆ ಒಂದು ಡಬ್ಬಿ ಇರುತ್ತಿತ್ತು, ಅದರೊಳಗೆ ಹಳೆಯ ಕಾಲದ ಜಾತಕದಂತೆ ಸುತ್ತಿಟ್ಟ ಉದ್ದನೆಯ ಕಾಗದದ ಸುರುಳಿ. ಅದೇ ರೋಡ್‌ಬುಕ್. ಎಡಗೈ ಹೆಬ್ಬೆರಳ ಬಳಿಯ ಗುಂಡಿ ಒತ್ತಿದರೆ ಸುರುಳಿ ಮುಂದಕ್ಕೆ ಸರಿಯುತ್ತಿತ್ತು. ಸಾಲಿನಲ್ಲಿ ಮೂರು ಮನೆ. ಮೊದಲನೆಯದರಲ್ಲಿ ಎಷ್ಟನೇ ಕಿಲೋಮೀಟರ್ ಎಂಬ ಅಂಕಿ. ಎರಡನೆಯದರಲ್ಲಿ ಆ ಜಾಗದ ಪುಟ್ಟ ಗೀಚು ಚಿತ್ರ: ಕವಲು, ಹಳ್ಳ, ದಿಬ್ಬ. ಮೂರನೆಯದರಲ್ಲಿ ಸೂಚನೆ ಮತ್ತು ದಿಕ್ಕಿನ ಡಿಗ್ರಿ. ಅಪಾಯದ ಜಾಗಕ್ಕೆ ಆಶ್ಚರ್ಯಸೂಚಕ ಚಿಹ್ನೆ: ಒಂದಿದ್ದರೆ ಎಚ್ಚರ, ಎರಡಿದ್ದರೆ ಹೆಚ್ಚು ಎಚ್ಚರ, ಮೂರಿದ್ದರೆ ಪ್ರಾಣದ ಮಾತು. ಸಂತೋಷ್ ಮೊದಲು ಹೋದ ವರ್ಷಗಳಲ್ಲಿ ಮರುದಿನದ ಸುರುಳಿ ಹಿಂದಿನ ಸಂಜೆ ಕೈಗೆ ಬರುತ್ತಿತ್ತು. ದಣಿದ ಸವಾರ ಊಟ ಮುಗಿಸಿ, ಬಣ್ಣದ ಪೆನ್ನುಗಳನ್ನು ಹರಡಿಕೊಂಡು, ಮೀಟರ್‌ಗಟ್ಟಲೆ ಕಾಗದದ ಮೇಲೆ ಒಂದೊಂದೇ ತಿರುವಿಗೆ ಗುರುತು ಹಾಕಿಕೊಳ್ಳುತ್ತಿದ್ದ. ನಿದ್ದೆಯ ಒಂದು ಭಾಗ ಹೋಗುತ್ತಿದ್ದದ್ದು ಅದಕ್ಕೇ.

ಮರುದಿನ ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ, ಕಲ್ಲು ನೋಡುತ್ತ, ಮರಳು ನೋಡುತ್ತ, ಅದರ ನಡುವೆಯೇ ಈ ಸುರುಳಿಯನ್ನು ಓದಬೇಕಿತ್ತು. ಕಣ್ಣು ಒಂದು ಕ್ಷಣ ಕೆಳಗೆ, ಮತ್ತೆ ಮೇಲೆ. ನಿಗದಿತ ಬಿಂದುಗಳನ್ನು ಮುಟ್ಟಿಯೇ ಹೋಗಬೇಕು. ಬೈಕಿನಲ್ಲಿರುವ ಉಪಕರಣ ಆ ಬಿಂದುವಿನ ಹತ್ತಿರಕ್ಕೆ ಬಂದ ಮೇಲಷ್ಟೇ ಬಾಣದ ಗುರುತು ತೋರಿಸುತ್ತದೆ. ತಪ್ಪಿಸಿದರೆ ದಂಡದ ನಿಮಿಷಗಳು. ಹೀಗಾಗಿ ಅತಿ ವೇಗದ ಸವಾರ ಗೆಲ್ಲುತ್ತಾನೆ ಎಂಬ ಖಾತ್ರಿ ಇಲ್ಲಿಲ್ಲ. ಸರಿಯಾಗಿ ಓದಿದವನು, ಓದಿದ್ದನ್ನು ದಣಿವಿನಲ್ಲೂ ಮರೆಯದವನು, ಎಲ್ಲಿ ನಿಧಾನ ಮಾಡಬೇಕೋ ಅಲ್ಲಿ ನಿಧಾನ ಮಾಡಿದವನು ಮುಂದೆ ಹೋಗುತ್ತಾನೆ.

ನಿಧಾನದ ಮಾತು ಬಂದದ್ದರಿಂದ ನಮ್ಮ ರಿಂಗ್ ರೋಡಿನ ಹುಡುಗರು ಕೇಳಲೇಬೇಕಾದ ಒಂದು ನಿಯಮ ಹೇಳುತ್ತೇನೆ. ಡಕಾರ್ ದಾರಿಯಲ್ಲಿ ಹಳ್ಳಿ ಬಂದರೆ ಅದು ವೇಗಮಿತಿಯ ವಲಯ. ಗಂಟೆಗೆ 30, 50 ಅಥವಾ 90 ಕಿಲೋಮೀಟರ್ ಎಂದು ರೋಡ್‌ಬುಕ್ಕಿನಲ್ಲೇ ಬರೆದಿರುತ್ತದೆ. ಬೈಕಿನ ಉಪಗ್ರಹ ಯಂತ್ರ ಪ್ರತಿ ಕ್ಷಣದ ವೇಗವನ್ನು ದಾಖಲಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಸಂಜೆ ಲೆಕ್ಕದಲ್ಲಿ ದಂಡ ಬೀಳುತ್ತದೆ, ಸ್ಥಾನ ಕೆಳಗಿಳಿಯುತ್ತದೆ. ಸ್ಪರ್ಧೆಯಿಲ್ಲದ ರಸ್ತೆಯಲ್ಲಂತೂ ಆ ದೇಶದ ಸಾಮಾನ್ಯ ಸಂಚಾರ ನಿಯಮವೇ ಇವರಿಗೂ. ಜಗತ್ತಿನ ಅತಿ ಗಟ್ಟಿಗ ಸವಾರರು ಮನೆಗಳ ಮುಂದೆ, ಮಕ್ಕಳು ಓಡಾಡುವ ಕಡೆ, ಮೂವತ್ತರ ವೇಗದಲ್ಲಿ ಸಾಲಾಗಿ ಹೋಗುತ್ತಾರೆ.

ಇಂಥ ಆಟಕ್ಕೆ ಬೆಂಗಳೂರಿನ ಹುಡುಗನೊಬ್ಬ ಹೋಗಿ ಸೇರಿದ್ದು ಹೇಗೆ? 1983ರಲ್ಲಿ ಹುಟ್ಟಿದ ಸಂತೋಷ್ ಮೊದಲು ಪಳಗಿದ್ದು ಮೋಟೋಕ್ರಾಸ್, ಸೂಪರ್‌ಕ್ರಾಸ್ ಕಣಗಳಲ್ಲಿ. ಮಣ್ಣಿನ ದಿಬ್ಬಗಳನ್ನು ಕಟ್ಟಿ, ಸುತ್ತು ಹಾಕುತ್ತ, ಹಾರುತ್ತ ಓಡುವ ಆಟ ಅದು. ಟಿವಿಎಸ್ ಕಂಪನಿಯ ರೇಸಿಂಗ್ ತಂಡ 1982ರಿಂದ ಇದೆ. ಸಂಬಳ ಕೊಟ್ಟು ಸವಾರರನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮ ದೇಶದಲ್ಲಿ ಬೆಳೆದದ್ದು ಇಂಥ ಕಂಪನಿ ತಂಡಗಳಿಂದ. ಆ ತಂಡದಲ್ಲಿದ್ದುಕೊಂಡು ಸಂತೋಷ್ ರಾಷ್ಟ್ರೀಯ ಮಟ್ಟದ ಪ್ರಶಸ್ತಿಗಳನ್ನು ಗೆದ್ದರು. ಅಲ್ಲಿಯೇ ಇದ್ದಿದ್ದರೆ ನಿಶ್ಚಿಂತೆಯ ಜೀವನ. ಅದನ್ನು ಬಿಟ್ಟು ಸುಜುಕಿ ಬೈಕಿನಲ್ಲಿ ರೇಡ್ ದ ಹಿಮಾಲಯ, ಡೆಸರ್ಟ್ ಸ್ಟಾರ್ಮ್‌ನಂಥ ದೂರದ ರ‍್ಯಾಲಿಗಳ ಕಡೆ ಹೊರಳಿದರು. ಆ ಹೊರಳುವಿಕೆ ಅವರ ವೃತ್ತಿಜೀವನದ ನಿಜವಾದ ತಿರುವು ಎಂದು ನನ್ನ ತಿಳಿವಳಿಕೆ. ಗೆಲ್ಲುತ್ತಿದ್ದ ಆಟ ಬಿಟ್ಟು, ಭಾರತದಲ್ಲಿ ಕಲಿಸುವವರೇ ಇಲ್ಲದ ಆಟಕ್ಕೆ ಹೋಗುವುದು ಸಣ್ಣ ಮಾತಲ್ಲ.

2013ರಲ್ಲಿ ಅಬುಧಾಬಿ ಡೆಸರ್ಟ್ ಚಾಲೆಂಜ್‌ಗೆ ಹೋದರು. ಅಲ್ಲಿ ಬೈಕಿಗೆ ಬೆಂಕಿ ಹತ್ತಿಕೊಂಡು ಕುತ್ತಿಗೆ ಸುಟ್ಟಿತು. ಮರಳುಗಾಡಿನ ರ‍್ಯಾಲಿ ಕಲಿಯಲು ಹೋದವನಿಗೆ ಸಿಕ್ಕ ಮೊದಲ ಪಾಠ ಅದು. ಬಹಳ ಜನ ಅಲ್ಲಿಗೆ ಕೈಮುಗಿದು ಮನೆಗೆ ಬರುತ್ತಾರೆ, ಬಂದರೆ ತಪ್ಪೂ ಅಲ್ಲ. ಸಂತೋಷ್ ಗಾಯ ಮಾಗಿದ ಮೇಲೆ ಮತ್ತೆ ಮರಳಿಗೇ ಹೋದರು. ವಿಶ್ವ ಮಟ್ಟದ ಕ್ರಾಸ್ ಕಂಟ್ರಿ ರ‍್ಯಾಲಿಗಳಲ್ಲಿ ಓಡಿ ಡಕಾರ್‌ಗೆ ಬೇಕಾದ ಅನುಭವ ಗಳಿಸಿಕೊಂಡರು.

ಇಲ್ಲಿ ಹಣದ ಮಾತು ಆಡದೆ ಮುಂದೆ ಹೋದರೆ ಕಥೆ ಸುಳ್ಳಾಗುತ್ತದೆ. ರ‍್ಯಾಲಿಯಲ್ಲಿ ಎರಡು ಬಗೆಯ ಸವಾರರು. ಕಂಪನಿಯ ಫ್ಯಾಕ್ಟರಿ ಸವಾರನಿಗೆ ಬೈಕು, ಬಿಡಿಭಾಗ, ಮೆಕ್ಯಾನಿಕ್, ಮಲಗಲು ವಾಹನ, ವೈದ್ಯ, ಸಂಬಳ ಎಲ್ಲವೂ ಕಂಪನಿಯದೇ. ಪ್ರೈವೇಟರ್ ಎನಿಸಿಕೊಳ್ಳುವ ಸವಾರ ಪ್ರವೇಶ ಶುಲ್ಕದಿಂದ ಹಿಡಿದು ಟೈರಿನವರೆಗೆ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕು. ಹಗಲು ಓಡಿಸಿ, ರಾತ್ರಿ ತಾನೇ ಪಾನಾ ಹಿಡಿದು ಬೈಕ್ ರಿಪೇರಿ ಮಾಡಿಕೊಂಡು, ಎರಡು ತಾಸು ಮಲಗಿ ಮತ್ತೆ ಹೊರಡುವವರಿಗಾಗಿ ಒಂದು ಪ್ರತ್ಯೇಕ ವಿಭಾಗವೇ ಅಲ್ಲಿದೆ. ಸಂತೋಷ್ 2015ರಲ್ಲಿ ಕೆಟಿಎಂ 450 ರ‍್ಯಾಲಿ ಬೈಕಿನಲ್ಲಿ ಹೊರಟಾಗ ಯಾವ ಭಾರತೀಯ ಕಂಪನಿಯ ತಂಡವೂ ಅವರ ಬೆನ್ನಿಗಿರಲಿಲ್ಲ. ಪ್ರಾಯೋಜಕರ ನೆರವಿನಿಂದ ಹೊರಟರು. ಅದಕ್ಕೂ ಮುಂಚೆ ಡಕಾರ್ ಕಣಕ್ಕೆ ಬೈಕ್ ಇಳಿಸಿದ ಭಾರತೀಯನೇ ಇರಲಿಲ್ಲ. ಯಾರನ್ನು ಕೇಳಬೇಕು, ಏನು ಒಯ್ಯಬೇಕು, ಎಷ್ಟು ನೀರು ಕುಡಿಯಬೇಕು, ಎಲ್ಲವನ್ನೂ ಮೊದಲಿನಿಂದ ತಿಳಿದುಕೊಳ್ಳಬೇಕಿತ್ತು.

ಆ ವರ್ಷದ ಓಟ ಜನವರಿ 4ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಹೊರಟು, ಚಿಲಿ, ಬೊಲಿವಿಯಾ ಹಾಯ್ದು 17ರಂದು ಅಲ್ಲಿಗೇ ಮರಳಿತು. ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ಮೂರನೆಯ ದಿನ ಪೋಲೆಂಡಿನ ಸವಾರ ಮಿಹಾವ್ ಹೆರ್ನಿಕ್ ಬಿಸಿಲಿಗೆ ಬಲಿಯಾದರು. ಅದಾದ ಕೆಲವೇ ದಿನಕ್ಕೆ ಅದೇ ರ‍್ಯಾಲಿ ಚಳಿಗೆ ಸಿಕ್ಕಿತು. ಬೊಲಿವಿಯಾದ ಉಯುನಿ ಜಗತ್ತಿನ ಅತಿ ದೊಡ್ಡ ಉಪ್ಪಿನ ಬಯಲು, ಸಮುದ್ರ ಮಟ್ಟದಿಂದ 3,600 ಮೀಟರಿಗೂ ಎತ್ತರ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಸವಾರನಿಗೂ ಉಸಿರು ಸಾಲದು, ಎಂಜಿನ್‌ಗೂ ಸಾಲದು, ಶಕ್ತಿ ಇಳಿಯುತ್ತದೆ. ಮಳೆ ಬಿದ್ದು ಆ ಬಯಲಿನ ಮೇಲೆ ನೀರು ನಿಂತಿತ್ತು. ಓಡುವ ಬೈಕಿನ ಚಕ್ರದಿಂದ ಚಿಮ್ಮಿದ ಉಪ್ಪುನೀರು ರೇಡಿಯೇಟರ್ ಮೇಲೆ ಒಣಗಿ ಗಟ್ಟಿಯಾಗಿ ಗಾಳಿಯಾಡುವ ಸಂದಿಗಳನ್ನು ಮುಚ್ಚಿತು, ವೈರುಗಳೊಳಗೆ ಇಳಿಯಿತು. ಗೆಲ್ಲುವ ನಿರೀಕ್ಷೆಯಲ್ಲಿದ್ದ ಹೋಂಡಾದ ಜೊವಾನ್ ಬರೇದಾ ಅವರ ಬೈಕು ಅಲ್ಲಿ ಸತ್ತಿತು. ಜತೆಯ ಸವಾರ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕಾಯಿತು. ಅದು ಮೆಕ್ಯಾನಿಕ್‌ಗಳಿಗೆ ಕೈ ಹಚ್ಚಲು ಅನುಮತಿಯಿಲ್ಲದ ಮ್ಯಾರಥಾನ್ ಹಂತ ಬೇರೆ. ಕಂಪನಿಗಳ ಸಾಹುಕಾರ ತಂಡಗಳೇ ಕೈಚೆಲ್ಲಿದ ಆ ಬಯಲನ್ನು ದಾಟಿ, ಹೊರಟ ಬೈಕುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮರಳಿದ ರ‍್ಯಾಲಿಯಲ್ಲಿ, ಮೊದಲ ಯತ್ನಕ್ಕೇ ಸಂತೋಷ್ 36ನೆಯವರಾಗಿ ಬಂದರು. ಆ ವರ್ಷ ಗೆದ್ದ ಸ್ಪೇನಿನ ಮಾರ್ಕ್ ಕೋಮಾಗೆ ಅದು ಐದನೆಯ ಡಕಾರ್ ಗೆಲುವು.

ಮರುವರ್ಷ ಸುಜುಕಿಯಲ್ಲಿ ಹೋದರು, ಪೂರ್ತಿಯಾಗಲಿಲ್ಲ. ಆದರೆ 2015ರ 36ನೇ ಸ್ಥಾನ ಒಂದು ಕೆಲಸ ಮಾಡಿತ್ತು: ಭಾರತೀಯನೂ ಇದನ್ನು ಮುಗಿಸಬಲ್ಲ ಎಂದು ನಮ್ಮ ಕಂಪನಿಗಳಿಗೆ ತೋರಿಸಿತ್ತು. 2016ರಲ್ಲಿ ಹೀರೋ ತನ್ನ ರ‍್ಯಾಲಿ ತಂಡ ಕಟ್ಟಿತು. ಜರ್ಮನಿಯ ಸ್ಪೀಡ್‌ಬ್ರೇನ್ ಸಂಸ್ಥೆಯ ತಾಂತ್ರಿಕ ನೆರವು, ಪೋರ್ಚುಗಲ್‌ನ ಜೊವಾಕಿಂ ರೊಡ್ರಿಗಸ್ ಒಬ್ಬರು, ಸಂತೋಷ್ ಇನ್ನೊಬ್ಬರು. ಒಬ್ಬಂಟಿಯಾಗಿ ಹೊರಟವರು ಫ್ಯಾಕ್ಟರಿ ಸವಾರರಾದರು. 2017ರಲ್ಲಿ 47ನೇ ಸ್ಥಾನ, 2018ರಲ್ಲಿ 34. ಆ 34 ಅವರ ಅತ್ಯುತ್ತಮ. 2019ರಲ್ಲಿ ಪೆರುವಿನ ಮರಳಿನಲ್ಲಿ ಬಿದ್ದು ಹೊರಬಂದರು.

ಕಾರಿನ ಲೋಕದ ಜತೆ ಒಂದು ಹೋಲಿಕೆ ಮಾಡಿದರೆ ಈ ದಾರಿಯ ಬೇರೆತನ ಗೊತ್ತಾಗುತ್ತದೆ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರ ತಂದೆಯೇ ಹೆಸರಾಂತ ರ‍್ಯಾಲಿ ಚಾಲಕರು. ಮನೆಯಲ್ಲೇ ರೇಸಿಂಗ್ ಇತ್ತು. ಅಂಥ ಮನೆಯಿಂದ ಬಂದವರಿಗೂ 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಕೂರುವ ತನಕ ವರ್ಷಗಟ್ಟಲೆ ಪ್ರಾಯೋಜಕರ ಬಾಗಿಲು ತಟ್ಟುವುದು ತಪ್ಪಲಿಲ್ಲ. ಆ ವರ್ಷ ಅಮೆರಿಕದ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಐದು ಅಂಕ ಗಳಿಸಿದರು. ಸರ್ಕ್ಯೂಟಿನ ರೇಸಿಗೆ ಗೋ-ಕಾರ್ಟ್‌ನಿಂದ ಮೇಲಕ್ಕೆ ಒಂದು ಏಣಿ ಇದೆ, ಮೆಟ್ಟಿಲಿಗೊಂದು ದರ ಇದೆ. ರ‍್ಯಾಲಿ ಬೈಕಿಗೆ ನಮ್ಮಲ್ಲಿ ಆ ಏಣಿಯೂ ಇರಲಿಲ್ಲ.

2020ರ ಜನವರಿ. ಸೌದಿಯಲ್ಲಿ ಮೊದಲ ಡಕಾರ್. ಹೀರೋ ತಂಡಕ್ಕೆ ಪೋರ್ಚುಗಲ್‌ನ ಹಿರಿಯ ಸವಾರ ಪಾಲೋ ಗೊನ್ಸಾಲ್ವಿಸ್ ಸೇರಿದ್ದರು. ಅವರು ರೊಡ್ರಿಗಸ್ ಅವರ ಭಾವನೆಂಟ. ಗೊನ್ಸಾಲ್ವಿಸ್ ಎಂಥವರು ಎನ್ನುವುದಕ್ಕೆ 2016ರ ಒಂದು ಸಂಗತಿ ಸಾಕು. ತಾವೇ ಪ್ರಶಸ್ತಿಯ ಪೈಪೋಟಿಯಲ್ಲಿದ್ದಾಗ, ದಾರಿಯಲ್ಲಿ ತೊಡೆ ಮೂಳೆ ಮುರಿದು ಬಿದ್ದಿದ್ದ ಎದುರಾಳಿ ಮತಿಯಾಸ್ ವಾಕ್ನರ್ ಪಕ್ಕದಲ್ಲಿ ಬೈಕ್ ನಿಲ್ಲಿಸಿ, ವೈದ್ಯರು ಬರುವ ತನಕ ಕಾದಿದ್ದರು. ಹಾಗೆ ನಿಂತವರ ಸಮಯವನ್ನು ಆಮೇಲೆ ಲೆಕ್ಕ ಹಾಕಿ ಹಿಂದಿರುಗಿಸುವ ನಿಯಮ ಡಕಾರ್‌ನಲ್ಲಿದೆ. ಆ ನಿಯಮ ನನಗೆ ಬಹಳ ಇಷ್ಟ. 2020ರ ಜನವರಿ 12ರಂದು ಏಳನೆಯ ಹಂತದಲ್ಲಿ ಬಿದ್ದ ಗೊನ್ಸಾಲ್ವಿಸ್ ಏಳಲಿಲ್ಲ. ಅವರಿಗೆ 40 ವರ್ಷ, ಅದು ಅವರ 13ನೆಯ ಡಕಾರ್. ಹೀರೋ ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಸಂತೋಷ್ ಬಿದ್ದಿರಲಿಲ್ಲ, ಬೈಕ್ ಕೆಟ್ಟಿರಲಿಲ್ಲ. ಆದರೂ ಆ ವರ್ಷ ಅವರ ಹೆಸರಿನ ಮುಂದೆ ಪೂರ್ತಿಯಾಗಲಿಲ್ಲ ಎಂದೇ ಬರೆಯಲಾಯಿತು. ಏಳರಲ್ಲಿ ನಾಲ್ಕು ಸಲ ಕೊನೆ ಮುಟ್ಟಲಿಲ್ಲ ಎಂದು ಎಣಿಸುವಾಗ ಇದನ್ನೂ ನೆನೆಯಬೇಕು.

ಮರುವರ್ಷ ಮತ್ತೆ ಹೋದರು. 2021ರ ಜನವರಿ 6, ನಾಲ್ಕನೆಯ ಹಂತ, ವಾದಿ ಅದ್ ದವಾಸಿರ್‌ನಿಂದ ರಿಯಾದ್ ಕಡೆಗೆ. ಗೊನ್ಸಾಲ್ವಿಸ್ ತೀರಿಕೊಂಡ ಪ್ರದೇಶವೇ ಅದು. ಅಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟು, ಭುಜಕ್ಕೆ ಪೆಟ್ಟು. ಹಿಂದೆ ಬಂದ ಸವಾರರು ನಿಂತು ಆರೈಕೆಗೆ ಇಳಿದರು, ಹೆಲಿಕಾಪ್ಟರ್ ಬಂತು, ರಿಯಾದ್ ಆಸ್ಪತ್ರೆಗೆ ಒಯ್ದರು. ವೈದ್ಯರು ಔಷಧ ಕೊಟ್ಟು ಪ್ರಜ್ಞೆ ಬಾರದಂತೆ ಇರಿಸಿದರು.

ಪತ್ರಿಕೆಗಳು ಆಗ ಕೋಮಾ ಎಂದು ಬರೆದದ್ದನ್ನು ಓದಿ ಬಹಳ ಮಂದಿ ಎಲ್ಲ ಮುಗಿಯಿತು ಎಂದುಕೊಂಡರು. ಅದು ವೈದ್ಯರೇ ತರಿಸಿದ ಕೋಮಾ. ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಮೆದುಳು ಬುರುಡೆಯೊಳಗೆ ಅಲುಗಾಡಿ ಗೋಡೆಗೆ ಬಡಿಯುತ್ತದೆ. ಬೇರೆ ಅಂಗ ಊದಿದರೆ ಹಿಗ್ಗಲು ಜಾಗವಿದೆ, ಮೆದುಳಿಗೆ ಇಲ್ಲ. ಊತ ಹೆಚ್ಚಿದಷ್ಟೂ ರಕ್ತದ ಹರಿವಿಗೆ ತಡೆ. ಆಳವಾದ ನಿದ್ದೆಯಲ್ಲಿಟ್ಟರೆ ಮೆದುಳಿನ ಕೆಲಸ ಕಡಿಮೆಯಾಗುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆಯಾಗುತ್ತದೆ, ಊತ ಇಳಿಯಲು ಸಮಯ ಸಿಗುತ್ತದೆ. ಆ ವರ್ಷವೇ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಗಾಳಿಚೀಲದ ಜಾಕೆಟ್ ಕಡ್ಡಾಯವಾಗಿತ್ತು. ಬೀಳುವ ಕ್ಷಣದಲ್ಲಿ ಉಬ್ಬಿ ಎದೆ ಬೆನ್ನು ಕಾಯುತ್ತದೆ. ತಲೆ ಕಾಯುವುದು ಹೆಲ್ಮೆಟ್ ಒಂದೇ. ಹೆಲ್ಮೆಟ್‌ನ ಹೊರಚಿಪ್ಪು ಪೆಟ್ಟನ್ನು ಹರಡುತ್ತದೆ, ಒಳಗಿನ ಬಿಳಿ ದಪ್ಪ ಥರ್ಮಾಕೋಲ್ ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ಒಮ್ಮೆ ನಜ್ಜಾದ ಮೇಲೆ ಅದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಬೇಕು. ಬೀದಿಬದಿಯಲ್ಲಿ ಮಾರುವ ಅಗ್ಗದ ಟೋಪಿಯೊಳಗೆ ಈ ಪದರವೇ ಇರುವುದಿಲ್ಲ. ಐಎಸ್‌ಐ ಗುರುತು ನೋಡಿ ಕೊಳ್ಳಿ ಎಂದು ಹೇಳುವುದು ಇದಕ್ಕಾಗಿ. ಕೊರಳ ಪಟ್ಟಿ ಹಾಕದಿದ್ದರೆ ಯಾವ ಗುರುತಿದ್ದರೂ ಪ್ರಯೋಜನವಿಲ್ಲ.

ಸಂತೋಷ್ ಎಚ್ಚರಗೊಂಡರು, ಬೆಂಗಳೂರಿಗೆ ಬಂದರು, ನಿಧಾನವಾಗಿ ಚೇತರಿಸಿಕೊಂಡರು. ಆದರೆ ಆಮೇಲೆ ಡಕಾರ್‌ಗೆ ಸವಾರರಾಗಿ ಮರಳಲಿಲ್ಲ. ಈ ಕಸುಬಿನಲ್ಲಿ ಐವತ್ತೆಂಟಕ್ಕೋ ಅರವತ್ತಕ್ಕೋ ಹಾರ ಹಾಕಿ ಬೀಳ್ಕೊಡುವ ಪದ್ಧತಿ ಇಲ್ಲ, ಪಿಂಚಣಿ ಇಲ್ಲ. ದೇಹ ಒಂದು ದಿನ ನಿಲ್ಲು ಎನ್ನುತ್ತದೆ, ಹೆಚ್ಚು ಕಡಿಮೆ ಮೂವತ್ತರ ಕೊನೆಯಲ್ಲಿ. ಆಗ ಕೈಯಲ್ಲಿ ಬೇರೇನಿದೆ ಎನ್ನುವುದೇ ಪ್ರಶ್ನೆ. ಬಹಳ ಸವಾರರು ಇಲ್ಲಿ ಎಡವುತ್ತಾರೆ.

ಸಂತೋಷ್ ಓಡಿಸುತ್ತಿದ್ದ ಕಾಲದಲ್ಲೇ ಅದಕ್ಕೆ ತಯಾರಿ ಮಾಡಿಕೊಂಡಿದ್ದರು. ಕೋಲಾರದ ಕಡೆ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ತರಬೇತಿ ಕಣ ಕಟ್ಟಿದರು. (ನಮ್ಮ ಹುಮನಾಬಾದ್ ರಸ್ತೆಯ ಕೊಳಾರ ಅಲ್ಲ, ಚಿನ್ನದ ಗಣಿಯ ಕೋಲಾರ.) ಅಲ್ಲಿ ಕಲಿಸುವುದು ವೇಗವನ್ನಲ್ಲ. ಕಲ್ಲು ಮಣ್ಣಿನ ಮೇಲೆ ನಿಂತು ಸಮತೋಲ ಹಿಡಿಯುವುದು, ಕ್ಲಚ್ಚು ಬ್ರೇಕು ಬೆರಳ ತುದಿಯಲ್ಲಿ ಆಡಿಸುವುದು, ಕಣ್ಣು ಎಲ್ಲಿಡಬೇಕು ಎನ್ನುವುದು, ಇವು ಇಂಥ ಕಣದ ಮೊದಲ ಪಾಠಗಳು. ತಮಗೆ ಸಿಗದೇ ಹೋದ ಶಾಲೆಯನ್ನು ತಾವೇ ತೆರೆದರು. 2024ರ ಆರಂಭದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಮೊದಲ ಸಲ ನಡೆದಾಗ ಬಿಗ್ ರಾಕ್ ಹೆಸರಿನ ತಂಡವೂ ಕಣದಲ್ಲಿತ್ತು. ಡಕಾರ್‌ನ ಮೂರು ಸ್ಥಾನಗಳಷ್ಟೇ ತೂಕ ಈ ಕಣಕ್ಕೂ ಇದೆ ಎಂದು ನಾನು ನಂಬುತ್ತೇನೆ.

ಅವರು ತೆರೆದ ಬಾಗಿಲಿನಲ್ಲಿ ಹೋದವರನ್ನು ನೋಡಿ. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ 2017, 2018ರಲ್ಲಿ ಹೋಗಿ ಗಾಯಗೊಂಡು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಕೇರಳದ ಶೊರನೂರಿನ ಹರಿತ್ ನೋವಾ 2024ರ ಡಕಾರ್‌ನಲ್ಲಿ ಒಟ್ಟಾರೆ 11ನೇ ಸ್ಥಾನ ಪಡೆದು ರ‍್ಯಾಲಿ-2 ವಿಭಾಗವನ್ನೇ ಗೆದ್ದರು. ಅದೇ ವರ್ಷ ಹೀರೋ ಬೈಕಿನಲ್ಲಿ ಬೋಟ್ಸ್‌ವಾನಾದ ರಾಸ್ ಬ್ರಾಂಚ್ ಎರಡನೆಯವರಾದರು. ಭಾರತೀಯ ಸವಾರರ ಸ್ಥಾನ ಒಂಬತ್ತು ವರ್ಷದಲ್ಲಿ 36ರಿಂದ 11ಕ್ಕೆ ಬಂತು. ಇನ್ನು ಕಾರಿನ ರ‍್ಯಾಲಿಯಲ್ಲಿ ಚಾಲಕನ ಪಕ್ಕ ಕೂತು ದಾರಿ ಓದಿ ಹೇಳುವ ಸಹಚಾಲಕನ ಕೆಲಸವಿದೆ. ಅದರಲ್ಲಿ ಕಾಸರಗೋಡಿನ ಮೂಸಾ ಷರೀಫ್ ದಶಕಗಳಿಂದ ಹೆಸರು ಮಾಡಿದ್ದಾರೆ. ಗಾಡಿ ಓಡಿಸದೆಯೂ ರೇಸಿಂಗಿನಲ್ಲಿ ಬದುಕು ಕಟ್ಟಿಕೊಳ್ಳಬಹುದು ಎನ್ನುವುದಕ್ಕೆ ಅವರೇ ಸಾಕ್ಷಿ.

ಈಗ ನಮ್ಮೂರಿನ ಮಾತು. ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಒಂದು ವರ್ಷ, 10,000 ರೂಪಾಯಿ. ಗಾಡಿ ಓಡಿಸಿ ಸಿಕ್ಕವನು ಹದಿನೆಂಟು ತುಂಬದವನಾದರೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮು ತಂದೆ ತಾಯಿಯನ್ನೇ ಹೊಣೆ ಮಾಡುತ್ತದೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಔರಾದಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ಹತ್ತನೇ ಈಯತ್ತೆ ಮುಗಿಸಿದ ಮಗನಿಗೆ ಬಹುಮಾನವೆಂದು ಗಾಡಿ ಕೊಡಿಸುವ ಅಪ್ಪಂದಿರು ಈ ಕಲಮನ್ನು ಒಮ್ಮೆ ಓದಬೇಕು.

ಅದೇ ಹುಡುಗ ಬೇಲಿ ಹಾಕಿದ ಕಣದಲ್ಲಿ, ಮೋಟಾರ್ ಕ್ರೀಡಾ ಒಕ್ಕೂಟದ ಪರವಾನಗಿ ಪಡೆದು, ಮೈತುಂಬ ರಕ್ಷಣಾ ಉಡುಪು ಹಾಕಿಕೊಂಡು ಓಡಿಸಿದರೆ ಅದು ಕ್ರೀಡೆ. ನಮ್ಮ ಕಡೆಯ ಹುಡುಗರಿಗೆ ಅಂಥ ಕಣ ಬೇಕೆಂದರೆ ರಾಜ್ಯದ ಈ ತುದಿಯಿಂದ ಆ ತುದಿಗೆ, ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕು. ಮೋಟೋಕ್ರಾಸ್ ಕಣಕ್ಕೆ ಡಾಂಬರು ಬೇಡ, ಗ್ಯಾಲರಿ ಬೇಡ. ಭಾಲ್ಕಿ ಔರಾದಿನ ಕಪ್ಪು ಎರೆ ಮಣ್ಣು ಮಳೆಗೆ ಅಂಟಾಗಿ ಚಕ್ರ ಹಿಡಿಯುತ್ತದೆ, ಅದು ಆಗದು. ಬೀದರ್ ಸುತ್ತಿನ ಕೆಂಪು ಮುರ್ರಂ ನೆಲದಲ್ಲಿ ನೀರು ನಿಲ್ಲುವುದಿಲ್ಲ, ದಿಬ್ಬ ಕಟ್ಟಿದರೆ ನಿಲ್ಲುತ್ತದೆ. ಬೆಳೆ ಬಾರದ ಅಂಥ ನೆಲ ಊರಾಚೆ ಎಷ್ಟೋ ಇದೆ. ಜಿಲ್ಲಾಡಳಿತವೂ ಕ್ರೀಡಾ ಇಲಾಖೆಯೂ ಮನಸ್ಸು ಮಾಡಿದರೆ ಬೇಕಾಗುವುದು ಇಷ್ಟು: ನಾಲ್ಕು ದಿನ ಜೆಸಿಬಿ ಕೆಲಸ, ಸುತ್ತ ಗಟ್ಟಿ ಬೇಲಿ, ಓಟದ ಹೊತ್ತಿನಲ್ಲಿ ನಿಂತಿರಲು ಒಂದು ಆಂಬುಲೆನ್ಸ್, ಬಿದ್ದವನ ಹಿಂದೆ ಬರುವವರಿಗೆ ಹಳದಿ ಬಾವುಟ ತೋರಿಸಲು ಮೂಲೆಗೊಬ್ಬ ಮಾರ್ಷಲ್, ಮತ್ತು ಹೊರಡುವ ಮುಂಚೆ ಪ್ರತಿ ಗಾಡಿಯ ಬ್ರೇಕು, ಚೈನು, ಕೇಬಲ್ಲು ಪರೀಕ್ಷಿಸುವ ಕೈ. ಆ ಕೊನೆಯ ಕೆಲಸಕ್ಕೆ ನೌಬಾದಿನ ಗ್ಯಾರೇಜುಗಳ ಮಿಸ್ತ್ರಿಗಳಿಗಿಂತ ಬೇರೆಯವರನ್ನು ಹುಡುಕಬೇಕಾಗಿಲ್ಲ.